ವಿಶ್ರಾಂತಿ ಕೊಠಡಿಗೆ ಹೋದ ಜಮಖಾನ

ಹಂಸಿನಿಯ ಮನೆಯಲ್ಲಿ ಗುಟ್ಟು ಎನ್ನುವುದು ರಾತ್ರಿ ಊಟದವರೆಗೆ ಉಳಿದರೆ ಹೆಚ್ಚು. ವಿಶ್ವವಿದ್ಯಾಲಯದ ಕ್ವಾರ್ಟರ್ಸಿನ ಆ ಪುಟ್ಟ ಮನೆಯಲ್ಲಿ ಯಾರ ಹೊಟ್ಟೆಯಲ್ಲಿ ಏನಿದ್ದರೂ ಸಾರು ಬಡಿಸುವಷ್ಟರಲ್ಲಿ ಹೊರಗೆ ಬಂದುಬಿಡುತ್ತಿತ್ತು. ಹನ್ನೊಂದನೇ ಕ್ಲಾಸಿನ ಮಗಳು ಅದಿತಿ ಸ್ಕೂಲಿನ ಜಗಳ ಹೇಳುವಳು, ಅತ್ತೆ ಗಿರಿಜಮ್ಮ ಪಕ್ಕದ ಬ್ಲಾಕಿನ ಸೊಸೆಯಂದಿರ ಸಮಾಚಾರ ಹೇಳುವರು, ಹಂಸಿನಿ ತನ್ನ ಭೂಗೋಳ ವಿಭಾಗದ್ದನ್ನೆಲ್ಲ ಬಿಚ್ಚಿಡುವಳು. ಗಂಡ ರಘುನಂದನ್ ಅದೇ ವಿಶ್ವವಿದ್ಯಾಲಯದಲ್ಲಿ ಸಹಾಯಕ ರಿಜಿಸ್ಟ್ರಾರ್. ಅವನು ಮಾತ್ರ ಹೇಳುವುದು ಕಡಿಮೆ, ಕೇಳುವುದು ಹೆಚ್ಚು. ಹೆಂಡತಿಯ ಮಾತನ್ನು ಇಷ್ಟು ಗಮನ ಕೊಟ್ಟು ಕೇಳುವ ಗಂಡ ಎಷ್ಟು ಮನೆಯಲ್ಲಿದ್ದಾನೆ ಎಂದು ಹಂಸಿನಿ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಜನವರಿಯ ಆ ಭಾನುವಾರ ಐಎನ್‌ಎ ಮಾರ್ಕೆಟ್ಟಿನಿಂದ ಅವರೆಕಾಯಿ ಬಂದಿತ್ತು. ದೆಹಲಿಯ ಚಳಿಗೆ ಬಟಾಣಿ ಸುಲಿದು ಸುಲಿದು ಬೇಸತ್ತ ಕೈಗಳಿಗೆ ಅದೊಂದು ಹಬ್ಬ. ನೆನೆಸಿದ ಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು, ಹೀಟರ್ ಹಚ್ಚಿಕೊಂಡು, ನಾಲ್ವರೂ ಹಿತುಕಲು ಕೂತರು.

"ಮಂಗಳವಾರ ನಮ್ಮಲ್ಲಿ ಮಜಾ ಇದೆ ಅತ್ತೆ," ಎಂದಳು ಹಂಸಿನಿ. ಮಧ್ಯಾಹ್ನದಿಂದ ಅವಳಿಗೆ ಹೇಳದೆ ಇರಲು ಆಗುತ್ತಿರಲಿಲ್ಲ.

"ಮಂಗಳವಾರ ಆ ಪರೀಕ್ಷೆ ಮಾಡೋರು ಬರೋದಲ್ವೇನೇ? ರಘು ಹೇಳ್ತಿದ್ದ."

"ಹೂಂ, ಮೌಲ್ಯಮಾಪನ ತಂಡ, ಯೂನಿವರ್ಸಿಟಿಗೆ ದರ್ಜೆ ಕೊಡೋರು. ಅವರ ಮುಂದೇನೇ ನಮ್ಮ ರೆಸ್ಟ್ ರೂಮಿನ ಬಾಗಿಲು ತೆಗೀತೀವಿ."

ಮುಖ್ಯ ಕಟ್ಟಡದ ನೆಲಮಹಡಿಯಲ್ಲಿ ಮಹಿಳಾ ಸಿಬ್ಬಂದಿಗೆಂದು ಒಂದು ವಿಶ್ರಾಂತಿ ಕೊಠಡಿ ಇತ್ತು. ಹೊಟ್ಟೆನೋವಿನ ದಿನ ಒಂದು ಗಳಿಗೆ ಅಡ್ಡಾಗಲು, ಟಿಫಿನ್ ಬಿಚ್ಚಿ ನೆಮ್ಮದಿಯಾಗಿ ತಿನ್ನಲು, ಹೆರಿಗೆ ರಜೆ ಮುಗಿಸಿ ಬಂದವರು ಬಾಗಿಲು ಹಾಕಿಕೊಂಡು ಮಗುವಿಗೆ ಹಾಲು ತೆಗೆದಿಡಲು ಇದ್ದದ್ದು ಅದೊಂದೇ ಜಾಗ. ಸೆಮಿನಾರ್ ಹಾಲಿಗೆ ಹೊಸ ಕುರ್ಚಿ ಬಂದಾಗ ಹಳೆಯ ಕುರ್ಚಿಗಳನ್ನೆಲ್ಲ ಅಲ್ಲಿ ತುಂಬಿ ಬೀಗ ಜಡಿದುಬಿಟ್ಟರು. ಅಂದಿನಿಂದ ಹೆಂಗಸರು ಅರ್ಜಿ ಕೊಟ್ಟದ್ದೇ ಕೊಟ್ಟದ್ದು. ಗುತ್ತಿಗೆಯ ಮೇಲೆ ಪಾಠ ಮಾಡುವ ಶಗುಫ್ತಾ ಎಂಟು ತಿಂಗಳ ಮಗುವಿನ ತಾಯಿ. ಅವಳು ನಕ್ಷೆಗಳನ್ನು ಇಡುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಪಂಪಿನಲ್ಲಿ ಹಾಲು ತೆಗೆಯುತ್ತಿದ್ದಳು. ಆ ಬಾಗಿಲಿಗೆ ಚಿಲಕವಿರಲಿಲ್ಲ, ಹಂಸಿನಿ ಹೊರಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಿದ್ದಳು.

ವಿಶ್ವವಿದ್ಯಾಲಯ ತಂಡಕ್ಕೆ ಕಳಿಸಿದ ವರದಿಯಲ್ಲಿ ಮಾತ್ರ 'ಸುಸಜ್ಜಿತ ಮಹಿಳಾ ವಿಶ್ರಾಂತಿ ಕೊಠಡಿ ಬಳಕೆಯಲ್ಲಿದೆ' ಎಂದಿತ್ತು.

"ನಾವು ಯಾರ ಮೇಲೂ ದೂರು ಹೇಳಲ್ಲ," ಎಂದು ಹಂಸಿನಿ ಕಾಳು ಹಿತುಕುತ್ತ ಹೇಳಿದಳು. "ತಂಡದವರನ್ನ ಸೆಮಿನಾರ್ ಹಾಲಿಗೆ ಕರಕೊಂಡು ಹೋಗೋ ಕೆಲಸ ಶಗುಫ್ತಾಗೇ ಹಾಕಿದಾರೆ. ದಾರೀಲಿ ಆ ಬಾಗಿಲು ಬರತ್ತೆ. ಇದು ನಮ್ಮ ವಿಶ್ರಾಂತಿ ಕೊಠಡಿ ಅಂತ ನಿಲ್ಲಿಸ್ತಾಳೆ. ಬಾಗಿಲು ತೆಗೀತೀವಿ. ಕುರ್ಚಿಗಳೇ ಮಾತಾಡತ್ವೆ!"

ಗಿರಿಜಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಒಳ್ಳೇ ಕಿಲಾಡಿಗಳು ಕಣ್ರೇ ನೀವು!"

"ಅಮ್ಮ, ದಿಸ್ ಈಸ್ ಸೋ ಕೂಲ್," ಎಂದಳು ಅದಿತಿ. "ವಿಡಿಯೋ ಬನಾನಾ, ಪ್ಲೀಸ್."

"ಯಾರ ಐಡಿಯಾ ಇದು?" ಎಂದು ಕೇಳಿದ ರಘುನಂದನ್, ಕಾಳಿನಿಂದ ಕಣ್ಣೆತ್ತದೆ.

"ಇನ್ಯಾರದು? ಶಗುಫ್ತಾದೇ. ಹುಬ್ಬಳ್ಳಿ ಹುಡುಗಿ ಅಂದ್ರೆ ಸುಮ್ನೇನಾ!" ಹಂಸಿನಿಯೂ ಹುಬ್ಬಳ್ಳಿಯವಳೇ.

"ಬೀಗದ ಕೈ?"

"ಕಮಲೇಶ್ ಹತ್ರ ಇದೆ. ಅಟೆಂಡೆಂಟ್ ಇದಾಳಲ್ಲ, ರೋಹ್ತಕ್‌ನವಳು. ಅವಳೂ ನಮ್ ಜೊತೆ."

ಅವನು ತಲೆಯಾಡಿಸಿ ಹಿತುಕಿದ ಬೇಳೆಯನ್ನು ಬಟ್ಟಲಿಗೆ ಹಾಕಿದ. ಹಂಸಿನಿ, ಶಗುಫ್ತಾ, ಕಮಲೇಶ್ ಮೂವರೂ ನಕ್ಷೆಯ ಕೋಣೆಯಲ್ಲಿ ಕೂತು ಯಾರಿಗೂ ಬಾಯಿ ಬಿಡಬಾರದು ಎಂದು ಮಾತು ಕೊಟ್ಟುಕೊಂಡಿದ್ದರು. ಮನೆಯವರನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂದು ಹಂಸಿನಿಗೆ ಹೊಳೆಯಲೇ ಇಲ್ಲ. ಗಂಡನಿಗೆ ಹೇಳುವುದೆಂದರೆ ತನಗೆ ತಾನೇ ಹೇಳಿಕೊಂಡ ಹಾಗೆ ಎಂದು ಅವಳು ತಿಳಿದಿದ್ದಳು.

ಸೋಮವಾರ ಮನೆಯಲ್ಲಿ ಏನೋ ಪಿಸುಪಿಸು ನಡೆದಿತ್ತು. ಸಂಜೆ ಹಂಸಿನಿ ಕ್ಲಾಸು ಮುಗಿಸಿ ಬಂದಾಗ ಅತ್ತೆ ದೊಡ್ಡ ಟ್ರಂಕಿನ ಮುಂದೆ ಕೂತಿದ್ದವರು ಮುಚ್ಚಳ ಧಡಕ್ಕನೆ ಹಾಕಿದರು.

"ಏನು ಹುಡುಕ್ತಿದ್ರಿ ಅತ್ತೆ?"

"ಏನಿಲ್ಲಮ್ಮ, ನುಸಿಗುಳಿಗೆ ಹಾಕ್ತಿದ್ದೆ."

ಅದಿತಿ ಕತ್ತಲಾದ ಮೇಲೆ ಅಪ್ಪನ ಸ್ಕೂಟರಿನಲ್ಲಿ ಎಲ್ಲಿಗೋ ಹೋಗಿ ಬಂದಳು. ಎಲ್ಲಿಗೆ ಎಂದರೆ "ಸರ್‌ಪ್ರೈಸ್ ಹೈ, ಪೂಛನಾ ಮತ್" ಎಂದು ಬಾಯಿಗೆ ಬೆರಳಿಟ್ಟಳು. ಗುರುವಾರ ಹಂಸಿನಿ ರಘುನಂದನ್ ಮದುವೆಯಾದ ದಿನ. ಅದಕ್ಕೇ ಇರಬೇಕೆಂದು ಹಂಸಿನಿ ಒಳಗೊಳಗೇ ಹಿಗ್ಗಿದಳು. ಇಷ್ಟು ವರ್ಷದಲ್ಲಿ ಮದುವೆಯ ದಿನವನ್ನು ತಾನಾಗಿ ನೆನಪಿಟ್ಟುಕೊಂಡ ಮನುಷ್ಯನಲ್ಲ ಅವನು. ಆ ಖುಷಿಗೆ ಅವಳು ಮಂಗಳವಾರಕ್ಕೆಂದು ಅವನ ಬಿಳಿ ಶರ್ಟನ್ನು ಕಾಲರ್ ಮಡಿಕೆ ಕೂಡ ಬಿಡದೆ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದಳು.

ಮಂಗಳವಾರ ಮಂಜು ಕರಗುವ ಹೊತ್ತಿಗೆ ತಂಡ ಬಂತು. ಮುಂದೆ ಶಗುಫ್ತಾ, ಅವಳ ಹಿಂದೆ ಕುಲಪತಿಗಳು, ತಂಡದ ಮೂವರು, ಅವರಲ್ಲೊಬ್ಬರು ಬಿಳಿಗೂದಲಿನ ಪ್ರೊಫೆಸರ್ ಹೆಂಗಸು. ಕೊನೆಯಲ್ಲಿ ಫೈಲುಗಳ ಸಮೇತ ರಘುನಂದನ್. ಹಂಸಿನಿ ತಾನೂ ಸೇರಿಕೊಂಡಳು.

ಆ ಬಾಗಿಲು ಬಂತು. ಶಗುಫ್ತಾ ನಿಂತಳು.

"ಇದು ನಮ್ಮ ಮಹಿಳಾ ವಿಶ್ರಾಂತಿ ಕೊಠಡಿ. ವರದಿಯಲ್ಲಿ ಇದರ ಬಗ್ಗೆ ನೀವು ಓದಿದ್ದೀರಿ. ನೋಡುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ದನಿ ಒಂದಿಷ್ಟೂ ನಡುಗಲಿಲ್ಲ.

"ಅಗತ್ಯವಾಗಿ," ಎಂದರು ಕುಲಪತಿಗಳು, ತುಂಬ ಸಂತೋಷದಿಂದ. ಆ ಸಂತೋಷ ಕಂಡಾಗಲೇ ಹಂಸಿನಿಗೆ ಏನೋ ಕೆಟ್ಟಿದೆ ಅನ್ನಿಸಿತು.

ಕಮಲೇಶ್ ಬೀಗ ತೆಗೆದಳು. ಬಾಗಿಲು ಒಳಕ್ಕೆ ಸಲೀಸಾಗಿ ಸರಿಯಿತು. ಒಂದು ಕುರ್ಚಿಯೂ ಇರಲಿಲ್ಲ. ಗುಡಿಸಿ ಒರೆಸಿದ ನೆಲ, ಫಿನಾಯಿಲ್ ವಾಸನೆ, ಹಾಸ್ಟೆಲಿನಿಂದ ತಂದ ಕಬ್ಬಿಣದ ಮಂಚ, ಕಿಟಕಿಗೆ ಹೂವಿನ ಪರದೆ. ದಿಂಬಿನ ಚೀಲದ ಮೇಲೆ ಗಿಳಿಯ ಕಸೂತಿ. ಮಂಚದ ಮೇಲೆ ಕೆಂಪು, ಕಪ್ಪು, ಹಳದಿಯ ನವಲಗುಂದದ ಜಮಖಾನ, ಅದರ ನಡುವೆ ಪಗಡೆ ಹಾಸು, ಸುತ್ತ ನವಿಲು. ನೆಲಕ್ಕೆ ಹಾಸುವ ಜಮಖಾನವನ್ನು ಮಂಚಕ್ಕೆ ಹಾಸಿದ್ದರು. ಗಂಡಸಿನ ಕೈಕೆಲಸವೆಂದು ಅದರಲ್ಲೇ ಗೊತ್ತಾಗುತ್ತಿತ್ತು.

ಹಂಸಿನಿ ಅದರ ಮೂಲೆ ನೋಡಿದಳು. ಅದಿತಿ ಸಣ್ಣವಳಿದ್ದಾಗ ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟ ತೂತು, ಅದಕ್ಕೆ ಅತ್ತೆ ಕೆಂಪು ದಾರ ಸಿಗದೆ ಹಸಿರು ದಾರದಲ್ಲಿ ಹಾಕಿದ ಹೊಲಿಗೆ. ಅವ್ವ ಹುಬ್ಬಳ್ಳಿಯಿಂದ ಮದುವೆಗೆ ಕೊಟ್ಟ ಜಮಖಾನ ಅದು. ಗಿಳಿಗಳೂ ಅತ್ತೆಯವೇ. ಪರದೆ ಹಂಸಿನಿಯದೇ ಮಲಗುವ ಕೋಣೆಯದು, ಒಗೆಯಲು ತೆಗೆದಿಟ್ಟಿದ್ದದ್ದು.

ಪೊರಕೆ ಕೊಳ್ಳಲೂ ಮೂರು ಕೊಟೇಷನ್ ಕೇಳುವ ಸಂಸ್ಥೆ. ಇನ್ನು ಸ್ವಂತ ಕೈಯಿಂದ ಕೊಳ್ಳೋಣವೆಂದರೆ ಸೋಮವಾರ ಸರೋಜಿನಿ ನಗರದ ಮಾರ್ಕೆಟ್ಟಿಗೆ ರಜೆ. ಹಾಗಾಗಿ ರಘುನಂದನ್ ಮನೆಯ ಟ್ರಂಕಿಗೇ ಕೈ ಹಾಕಿದ್ದ. ಬೀಗಕ್ಕೆ ಇನ್ನೊಂದು ಕೈ ಅವನ ಕಛೇರಿಯಲ್ಲೇ ಇತ್ತು.

"ಎಷ್ಟು ಚೆನ್ನಾಗಿಟ್ಟುಕೊಂಡಿದ್ದೀರಿ," ಎಂದರು ಬಿಳಿಗೂದಲಿನ ಮೇಡಂ. ಶಗುಫ್ತಾಳ ಕಡೆ ತಿರುಗಿ, "ನೀವು ಇದನ್ನು ಬಳಸುತ್ತೀರಾ?" ಎಂದು ಕೇಳಿದರು.

ಶಗುಫ್ತಾ ಬಿಳಿಚಿಕೊಂಡಿದ್ದಳು. ಆದರೂ ಹೇಳಿದಳು. "ಇಲ್ಲ ಮೇಡಂ. ಮೊನ್ನೆಯವರೆಗೆ ಇದಕ್ಕೆ ಬೀಗ ಹಾಕಿತ್ತು. ಒಳಗೆ ಹಳೆಯ ಕುರ್ಚಿ ತುಂಬಿದ್ದರು. ಇದೆಲ್ಲ ರಾತ್ರೋರಾತ್ರಿ ಮಾಡಿದ್ದು."

ಕುಲಪತಿಗಳು ನಕ್ಕರು. "ಇವರು ಗುತ್ತಿಗೆಯವರು. ಹೊಸಬರು. ಈ ಕಟ್ಟಡದ ಪರಿಚಯ ಕಡಿಮೆ."

ಮೇಡಂ ಹಂಸಿನಿಯತ್ತ ನೋಡಿದರು. "ನೀವು ಹಿರಿಯರು. ನೀವು ಹೇಳಿ. ಇವರು ಹೇಳುವುದು ನಿಜವೇ?"

ಶಗುಫ್ತಾ ಹಂಸಿನಿಯ ಮುಖವನ್ನೇ ನೋಡುತ್ತಿದ್ದಳು. ರಘುನಂದನ್ ಕೂಡ ನೋಡುತ್ತಿದ್ದ. ಅವಳು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಫೈಲನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ. ಇದು ನನ್ನ ಅವ್ವನ ಜಮಖಾನ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಅಲ್ಲೇ, ಅಷ್ಟು ಜನರೆದುರು, ಗಂಡನ ಮುಖಕ್ಕೆ ಮಸಿ ಬಳಿದಂತೆ. ಅವಳು ಏನೂ ಹೇಳಲಿಲ್ಲ. ಮೇಡಂ ಒಂದಿಷ್ಟು ಹೊತ್ತು ಕಾದು, "ಸರಿ" ಎಂದು ಮುಂದೆ ನಡೆದರು.

ತಂಡ ಸೆಮಿನಾರ್ ಹಾಲಿನೊಳಗೆ ಹೋದ ಮೇಲೆ ಶಗುಫ್ತಾ ಹಂಸಿನಿಯ ಬಳಿ ಬಂದಳು. ಇಬ್ಬರೇ ಇದ್ದಾಗ ಅವರ ಮಾತು ಹುಬ್ಬಳ್ಳಿಯದೇ.

"ಇವರಿಗೆ ಹೆಂಗ ಗೊತ್ತಾತ್ರೀ ಅಕ್ಕಾ? ಕಮಲೇಶ್ ಅಂತೂ ಹೇಳಾಕಿ ಅಲ್ಲ."

"ನನಗೂ ತಿಳೀವಲ್ದವಾ."

"ಮತ್ತ ದಿಲ್ಲಿಯೊಳಗ ನವಲಗುಂದದ ಜಮಖಾನ ಎಲ್ಲಿ ಸಿಕ್ತು ಇವರಿಗೆ? ನಮ್ಮಜ್ಜಿ ಮನ್ಯಾಗ ಥೇಟ್ ಇಂಥಾದ್ದ ಇತ್ತು. ಪಾಪ, ಮೂಲಿ ಸುಟ್ಟದ್ದಕ್ಕ ಯಾರೋ ಹಸಿರ ದಾರದಾಗ ಹೊಲದಾರ."

"ಯಾರಿಗೊತ್ತು," ಎಂದಳು ಹಂಸಿನಿ. ಅಂದದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸಂಜೆ ಬಾಗಿಲಲ್ಲೇ ಅತ್ತೆ, ಮಗಳು ಕಾದಿದ್ದರು.

"ಹೇಗಿತ್ತೇ ಸರ್‌ಪ್ರೈಸು?" ಎಂದು ಗಿರಿಜಮ್ಮ ಅವಳ ಕೈ ಹಿಡಿದರು. "ನಿಮಗೆಲ್ಲ ರೂಮು ಆಯ್ತಲ್ಲ, ಖುಷಿಯಾಯ್ತು ನಂಗೆ. ರೂಮು ಇನ್ನು ಕಾಯಂ ನಿಮಗೇ ಅಂದ ರಘು, ಗಿಳಿ ದಿಂಬು ನಾನೇ ಆರಿಸಿ ಕೊಟ್ಟೆ."

"ಪರದೆ ಮೈನೇ ಲಗಾಯಾ," ಎಂದಳು ಅದಿತಿ. "ಸ್ಟೂಲ್ ಮೇಲೆ ಹತ್ತಿ. ಪಪ್ಪಾ ಹೇಳಿದ್ರು, ಇಟ್ಸ್ ಫಾರ್ ಅಮ್ಮ ಆ್ಯಂಡ್ ಹರ್ ಫ್ರೆಂಡ್ಸ್ ಅಂತ."

ಹಂಸಿನಿ ಸೋಫಾದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತೆಯ ಕೈ ಅವಳ ಕೈಯಿಂದ ಸಡಿಲವಾಯಿತು. ಅದಿತಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ರಘುನಂದನ್ ಬಂದ. ಶೂ ಬಿಚ್ಚುವ ಮೊದಲೇ ಗಿರಿಜಮ್ಮ ಕೇಳಿದರು. "ರಘು, ನನ್ನ ಹತ್ರ ಏನು ಹೇಳಿ ಜಮಖಾನ ತಗೊಂಡೆ ನೀನು?"

"ಅಮ್ಮ, ಈಗಲೇ ಶುರು ಮಾಡಬೇಡ. ಬೆಳಗ್ಗೆಯಿಂದ ನಿಂತೇ ಇದೀನಿ."

"ಅವಳೂ ನಿಂತೇ ಇದ್ಲು," ಎಂದರು ಗಿರಿಜಮ್ಮ.

ಅವನು ಹಂಸಿನಿಯತ್ತ ತಿರುಗಿದ. "ನೋಡು, ವರದೀಲಿ ಆ ಸಾಲು ಬರೆದೋನು ನಾನು. ಕುರ್ಚಿ ಹೊರಗೆ ಬಿದ್ದಿದ್ರೆ ಮೊದಲು ಹೋಗ್ತಿದ್ದಿದ್ದು ನನ್ನ ತಲೆ. ಅದು ನಿಂಗೆ ಹೊಳೀಲೇ ಇಲ್ವಾ?"

"ಹೊಳೆದಿದ್ರೆ ನಿಮಗೆ ಹೇಳ್ತಿದ್ನೇನ್ರೀ? ನೀವು ಬರೆದದ್ದು ಅಂತ ಆವತ್ತೇ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ. ಕಾಳು ಹಿತುಕ್ತಾ ಕೂತಿದ್ರಿ!"

"ಹೇಳಿದ್ರೆ ನೀನು ಕೇಳ್ತಿರಲಿಲ್ಲ."

"ಹಾಗಂತ ನೀವೇ ತೀರ್ಮಾನ ಮಾಡಿದ್ರಿ."

"ಈಗ ಏನು ನಷ್ಟ ಆಯ್ತು? ರೂಮು ಸಿಕ್ತಲ್ಲ? ಮಂಚ ಇದೆ, ಪರದೆ ಇದೆ. ನಿಮ್ಮ ಅರ್ಜಿಯಿಂದ ಆಗದೇ ಇದ್ದಿದ್ದನ್ನ ನಾನು ಒಂದು ಸಂಜೇಲಿ ಮಾಡಿಸಿದೆ."

ಹಂಸಿನಿಗೆ ಒಂದು ಕ್ಷಣ ಅದನ್ನು ನಂಬಬೇಕೆನ್ನಿಸಿತು. ನಂಬಿದರೆ ಮನೆ ಉಳಿಯುತ್ತಿತ್ತು, ಗುರುವಾರ ಮದುವೆಯ ದಿನಕ್ಕೆ ಪಾಯಸ ಮಾಡಬಹುದಿತ್ತು. "ಶಗುಫ್ತಾ ಹೆಸರು ಕುಲಪತಿಗಳಿಗೆ ಹೇಳಿದ್ರಾ?" ಎಂದು ಕೇಳಿದಳು.

"ಕೇಳಿದ್ರು. ಹೇಳಿದೆ."

ಅಷ್ಟನ್ನು ಹೇಳಿ ಅವನು ಕೈಕಾಲು ತೊಳೆಯಲು ಹೋದ. ಗುರುವಾರ ಮಧ್ಯಾಹ್ನ ಶಗುಫ್ತಾ ಹಾಲಿನ ಪಂಪು ಹಿಡಿದು ಹೋದಾಗ ಕೊಠಡಿಗೆ ಹೊಸ ಬೀಗ ಬಿದ್ದಿತ್ತು. ಅದರ ಕೈ ಕಮಲೇಶ್ ಹತ್ತಿರ ಇರಲಿಲ್ಲ. ಸಂಜೆ ರಘುನಂದನ್ ಜಮಖಾನ, ದಿಂಬಿನ ಚೀಲ, ಪರದೆಗಳನ್ನು ಬಿಗ್ ಶಾಪರ್ ಚೀಲದಲ್ಲಿ ತುಂಬಿ ಮನೆಗೆ ತಂದು ಬಾಗಿಲ ಹಿಂದೆ ಇಟ್ಟ. ಯಾರೂ ಅದನ್ನು ಮುಟ್ಟಲಿಲ್ಲ. ಅದೇ ಅವರ ಮದುವೆಯ ದಿನ.

ಆಮೇಲಿನ ವಾರಗಳಲ್ಲಿ ಮನೆ ಎಂದಿನಂತೆಯೇ ನಡೆಯಿತು ಎಂದು ಹೊರಗಿನವರು ಹೇಳಬಹುದಿತ್ತು. ಬೆಳಗ್ಗೆ ಮದರ್ ಡೇರಿಯ ಹಾಲು ಬರುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ತರಕಾರಿ ಭಯ್ಯಾನ ಜೊತೆ ಗಿರಿಜಮ್ಮ ತಮ್ಮ ಹರಕು ಹಿಂದಿಯಲ್ಲಿ ಚೌಕಾಶಿ ಮಾಡುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಮನೆ ಕಛೇರಿಯಾಗುತ್ತಿತ್ತು.

"ಇವತ್ತು ಡಿಪಾರ್ಟ್‌ಮೆಂಟಲ್ಲಿ ಏನಾಯ್ತು?" ಎಂದು ರಘುನಂದನ್ ಕೇಳುವನು.

"ಏನೂ ಆಗಲಿಲ್ಲ. ಪಲ್ಯ ಹಾಕ್ಲಾ?"

ಅದಿತಿ ಅಪ್ಪನ ಸ್ಕೂಟರ್ ಹತ್ತುವುದನ್ನು ಬಿಟ್ಟು ಮೆಟ್ರೋ ಹಿಡಿದು ಟ್ಯೂಷನ್ನಿಗೆ ಹೋಗತೊಡಗಿದಳು. "ಬಿಟ್ಟು ಬರ್ಲಾ? ಛೋಡ್ ದೂಂ?" ಎಂದು ಅವನು ಕೇಳಿದರೆ "ನೋ ಥ್ಯಾಂಕ್ಸ್" ಎನ್ನುವಳು. ಗಿರಿಜಮ್ಮ ಮಗನಿಗೆ ಕಾಫಿ ಕೊಡುವುದನ್ನು ನಿಲ್ಲಿಸಲಿಲ್ಲ, ಆದರೆ ಕೈಗೆ ಕೊಡುತ್ತಿದ್ದವರು ಈಗ ಟೇಬಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಒಂದು ಬಿಸಿಲಿನ ದಿನ ಜಮಖಾನವನ್ನು ಬಕೆಟ್ಟಿನಲ್ಲಿ ನೆನೆಸಿ, ತುಳಿದು ತುಳಿದು ಒಗೆದು, ತಾರಸಿಯ ಮೇಲೆ ಹರವಿದರು.

"ಅದೇನು ಕೊಳೆಯಾಗಿರಲಿಲ್ಲ ಅತ್ತೆ," ಎಂದಳು ಹಂಸಿನಿ.

"ನಂಗೆ ಕೊಳೆ ಅನ್ನಿಸ್ತು ಬಿಡು."

ಫೆಬ್ರವರಿಯ ಕೊನೆಗೆ ಫಲಿತಾಂಶ ಬಂತು. ವಿಶ್ವವಿದ್ಯಾಲಯಕ್ಕೆ ಉತ್ತಮ ದರ್ಜೆ. ಲಿಂಗ ಸಮಾನತೆ ಮತ್ತು ಸಿಬ್ಬಂದಿಯ ಸ್ವಾಸ್ಥ್ಯದ ಬಗ್ಗೆ ತಂಡ ವಿಶೇಷ ಮೆಚ್ಚುಗೆ ಬರೆದಿತ್ತು. ಆ ಮೆಚ್ಚುಗೆಯನ್ನು ಉಳಿಸಿಕೊಳ್ಳಲು ಒಂದು ಸ್ವಾಸ್ಥ್ಯ ಘಟಕ ಮಾಡಿದರು. ಅದರ ಸಂಚಾಲಕ ರಘುನಂದನ್. ಅದೇ ವಾರ ಗುತ್ತಿಗೆ ಉಪನ್ಯಾಸಕರ ನವೀಕರಣವೂ ಆಯಿತು, ಎಲ್ಲರದ್ದೂ, ಶಗುಫ್ತಾಳದೊಂದನ್ನು ಬಿಟ್ಟು.

ಹಂಸಿನಿ ಡೀನ್ ಹತ್ತಿರ ಓಡಿದಳು. ಆ ಹುಡುಗಿ ಹೇಳಿದ್ದು ನಿಜ, ಕೊಠಡಿಗೆ ಬೀಗ ಇತ್ತು, ಈಗಲೂ ಇದೆ, ಬಂದು ನೋಡಿ ಎಂದಳು. ಡೀನ್ ಚಹಾ ತರಿಸಿದರು, ಕೂರಿಸಿದರು, ಸಮಾಧಾನವಾಗಿ ಕೇಳಿದರು. ಆಮೇಲೆ, "ಆ ದಿನ ನೀವು ಅಲ್ಲೇ ನಿಂತಿದ್ದಿರಿ ಮೇಡಂ. ನಿಮ್ಮನ್ನೇ ನೇರವಾಗಿ ಕೇಳಿದರು. ಆಗ ಒಂದು ಮಾತೂ ಆಡಲಿಲ್ಲ. ಈಗ ನಾನು ಯಾವ ಮುಖ ಇಟ್ಟುಕೊಂಡು ಮೇಲಕ್ಕೆ ಹೇಳಲಿ?" ಎಂದರು. ಹಂಸಿನಿಯ ಚಹಾ ಹಾಗೇ ಆರಿಹೋಯಿತು.

ಅಂದು ಸಂಜೆ ರಘುನಂದನ್ ಕಾಜು ಕತ್ಲಿಯ ಡಬ್ಬ ತಂದಿದ್ದ. ಟೇಬಲ್ಲಿನ ನಡುವೆ ಇಟ್ಟು, "ಸ್ವಾಸ್ಥ್ಯ ಘಟಕ ನಂಗೆ ಕೊಟ್ರು," ಎಂದ.

"ಯಾರ ಸ್ವಾಸ್ಥ್ಯ ನೋಡ್ಕೋಬೇಕಂತೆ?" ಎಂದು ಕೇಳಿದರು ಗಿರಿಜಮ್ಮ.

"ಅಮ್ಮ, ವ್ಯಂಗ್ಯ ಬೇಡ. ಈಗ ಅಧಿಕಾರ ನನ್ನ ಕೈಲಿದೆ. ಆರು ತಿಂಗಳು ಹೋಗಲಿ, ಆ ರೂಮು ನಾನೇ ತೆಗೆಸ್ತೀನಿ."

"ಅಷ್ಟರಲ್ಲಿ ಶಗುಫ್ತಾ ಮಗು ಹಾಲೇ ಬಿಟ್ಟಿರತ್ತೆ ಬಿಡಿ," ಎಂದಳು ಹಂಸಿನಿ. "ಅವಳ ಕೆಲಸ ಹೋಯ್ತು. ಗೊತ್ತಾ?"

"ಅದು ನನ್ನ ಟೇಬಲ್ಲಿಗೆ ಬರಲ್ಲ. ಮೇಲಿಂದ ಆಗಿದ್ದು."

"ಹೆಸರು ನಿಮ್ಮ ಬಾಯಿಂದ ಹೋಗಿದ್ದು."

"ನಿನ್ನ ಬಾಯಿಂದ ನಂಗೆ ಬಂದಿದ್ದು!" ಎಂದ ರಘುನಂದನ್, ದನಿ ಎತ್ತರಿಸಿ. "ಎಲ್ಲಾ ನನ್ನ ತಲೆಗೇ ಕಟ್ಟಬೇಡ. ಗುಟ್ಟು ಅಂದ್ಮೇಲೆ ಯಾಕೆ ಹೇಳ್ದೆ?"

ಅದಿತಿ ತಟ್ಟೆ ಬಿಟ್ಟು ಎದ್ದಳು. "ಪಪ್ಪಾ, ಶಿ ಟೋಲ್ಡ್ ಯು ಬಿಕಾಸ್ ಯು ಆರ್ ಹಮಾರೇ, ನಮ್ಮೋರು. ಅಷ್ಟೇ."

ಕಾಜು ಕತ್ಲಿಯ ಡಬ್ಬ ಅಲ್ಲೇ ಉಳಿಯಿತು. ಮರುದಿನ ಗಿರಿಜಮ್ಮ ಅದನ್ನು ಕಸ ಒಯ್ಯಲು ಬಂದವನಿಗೆ ಕೊಟ್ಟುಬಿಟ್ಟರು.

ಮಾರ್ಚಿನ ಮೊದಲ ಭಾನುವಾರ ಹಂಸಿನಿ ಶಗುಫ್ತಾಳನ್ನು ಊಟಕ್ಕೆ ಕರೆದಳು. ಶಗುಫ್ತಾಳ ಗಂಡನಿಗೆ ಗುರುಗ್ರಾಮದ ಕಂಪನಿಯಲ್ಲಿ ಕೆಲಸ. ಕ್ಯಾಂಪಸ್ಸಿನ ಹತ್ತಿರದ ಬಾಡಿಗೆ ಮನೆ ಬಿಟ್ಟು ಅವರು ಅತ್ತ ಹೊರಟಿದ್ದರು. ಮುಂದೆ ಎಲ್ಲಿ ಕೆಲಸ ಸಿಗುವುದೋ ಅವಳಿಗೇ ತಿಳಿಯದು. ಎಲ್ಲಿ ಹೋದರೂ ಹಳೆಯ ಜಾಗದವರು ಅವಳ ಬಗ್ಗೆ ಏನು ಹೇಳುತ್ತಾರೆಂಬುದು ಹಂಸಿನಿಗೆ ತಿಳಿದಿತ್ತು, ಹೊರಗಿನ ತಂಡದ ಮುಂದೆ ಸುಳ್ಳು ಹೇಳಿದವಳು ಎಂದು.

ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಕೆಲಸವೆಲ್ಲ ಮುಗಿದ ಮೇಲೆ ಹಂಸಿನಿ ಟ್ರಂಕು ತೆಗೆದು ಜಮಖಾನವನ್ನು ಹೊರಗೆಳೆದು ಹಾಲಿಗೆ ತಂದಳು.

ಪೇಪರ್ ಓದುತ್ತಿದ್ದ ರಘುನಂದನ್ ತಲೆಯೆತ್ತಿದ. "ಅದ್ಯಾಕೆ ಈಗ?"

"ಮಗು ಬರತ್ತಲ್ಲ. ನೆಲ ತಣ್ಣಗಿದೆ."

"ಬೇರೆ ಏನಾದ್ರೂ ಹಾಸು. ಹಂಸಾ, ಅವಳು ಆ ರೂಮಲ್ಲಿ ಅದನ್ನ ನೋಡಿದಾಳೆ."

"ನೋಡಿದಾಳೆ ಅಂತಲೇ ಹಾಸ್ತಿರೋದು."

"ತಲೆ ಕೆಟ್ಟಿದೆಯಾ ನಿಂಗೆ? ನನ್ನ ಮರ್ಯಾದೆ ಬಿಡು, ನಿನ್ನ ಮರ್ಯಾದೆ?"

ಹಂಸಿನಿ ಒಂದು ತುದಿ ಹಿಡಿದು ಬಿಚ್ಚತೊಡಗಿದಳು. ಭಾರದ ಜಮಖಾನ ಒಬ್ಬಳ ಕೈಗೆ ಬಗ್ಗುತ್ತಿರಲಿಲ್ಲ. ಗಿರಿಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಇನ್ನೊಂದು ತುದಿ ಹಿಡಿದರು. ಅತ್ತೆ ಸೊಸೆ ಇಬ್ಬರೂ ಅದನ್ನು ಕೊಡವಿ, ಹಾಲಿನ ನಡುವೆ, ಹಸಿರು ಹೊಲಿಗೆಯ ಮೂಲೆ ಬಾಗಿಲ ಕಡೆ ಬರುವಂತೆ ಹಾಸಿದರು.

ಕರೆಗಂಟೆ ಸದ್ದಾಯಿತು. ಅದಿತಿ ಬಾಗಿಲು ತೆಗೆದಳು.

ಶಗುಫ್ತಾ ನಗುತ್ತಲೇ ಒಳಗೆ ಬಂದಳು. ಹೆಗಲ ಮೇಲೆ ನಿದ್ದೆಗಣ್ಣಿನ ಮಗು, ಕೈಯಲ್ಲಿ ಹಂಸಿನಿಯ ಹತ್ತಿರ ಎರವಲು ಪಡೆದಿದ್ದ ಪುಸ್ತಕಗಳು. "ರೊಟ್ಟಿ ವಾಸನಿ ಲಿಫ್ಟಿನ ತನಕ ಬಂದೈತ್ರೀ ಅಕ್ಕಾ," ಎಂದಳು.

"ಬಾರವಾ. ಕೂಸಿನ ಇಲ್ಲೆ ಮಲಗಸು."

ಶಗುಫ್ತಾ ಬಗ್ಗಿ ಮಗುವನ್ನು ಜಮಖಾನದ ಮೇಲೆ ಮಲಗಿಸಿದಳು. ಅದು ಹೊರಳಿ ಮೂಲೆಯ ದಾರವನ್ನು ಮುಷ್ಟಿಯಲ್ಲಿ ಹಿಡಿಯಿತು. ಬಿಡಿಸಲು ಹೋದ ಅವಳ ಕೈ ಅಲ್ಲೇ ನಿಂತಿತು. ಬೆರಳು ಹಸಿರು ಹೊಲಿಗೆಯ ಮೇಲೆ ಒಮ್ಮೆ ಹೋಗಿ ಬಂತು. ಅವಳು ತಲೆಯೆತ್ತಿ ರಘುನಂದನನನ್ನು ನೋಡಿದಳು, ಆಮೇಲೆ ಹಂಸಿನಿಯನ್ನು.

"ನೀರು ತರ್ತೀನಿ," ಎಂದು ರಘುನಂದನ್ ಅಡುಗೆಮನೆಗೆ ಹೋದ. ಮನೆಗೆ ಬಂದವರಿಗೆ ಅವನಾಗಿ ನೀರು ತರಲು ಎದ್ದದ್ದು ಅದೇ ಮೊದಲು.

"ನಿಮಗ ಗೊತ್ತಿತ್ತೇನ್ರೀ?" ಎಂದು ಶಗುಫ್ತಾ ಮೆಲ್ಲಗೆ ಕೇಳಿದಳು.

"ಬಾಗಲಾ ತಗದಾಗ ಗೊತ್ತಾತು."

"ಆವಾಗರ ಹೇಳಬೇಕಿತ್ತಲ್ರೀ. ಆ ಮೇಡಂ ನಿಮ್ಮನ್ನ ಕೇಳಿದ್ರು."

"ಹೇಳಬೇಕಿತ್ತು. ಬಾಯಿ ಬರಲಿಲ್ಲ. ಮನಿ ನೋಡಿದ್ನಿ, ನಿನ್ನ ನೋಡಲಿಲ್ಲ." ಗಿರಿಜಮ್ಮ ಗೋಡೆಗೆ ಒರಗಿ ನಿಂತಿದ್ದರು.

"ಅವರಿಗೆ ಮೊದಲ ಹೆಂಗ ಗೊತ್ತಾತು?"

"ನಾನ ಹೇಳಿದ್ದೆ ಶಗುಫ್ತಾ. ಅವರೀಕಾಳ ಹಿತುಕುವಾಗ. ಹೊರಗ ಯಾರ ಮುಂದೂ ಹೇಳಿಲ್ಲ. ಮನ್ಯಾಗಷ್ಟ ಹೇಳಿದ್ದೆ."

ಶಗುಫ್ತಾ ಮಗುವಿನ ಬೆರಳುಗಳನ್ನು ಒಂದೊಂದಾಗಿ ದಾರದಿಂದ ಬಿಡಿಸಿದಳು. ಎತ್ತಿ ಹೆಗಲಿಗೆ ಹಾಕಿಕೊಂಡಳು. ತಂದಿದ್ದ ಪುಸ್ತಕಗಳನ್ನು ಜಮಖಾನದ ಮೇಲೆ ಇಟ್ಟಳು. ಟೇಬಲ್ಲಿನ ಮೇಲೆ ಮುಚ್ಚಿಟ್ಟ ರೊಟ್ಟಿ ಬಿಸಿಯಾಗಿಯೇ ಇತ್ತು.

"ನಾ ನಮ್ಮ ಮನ್ಯಾಗೂ ಹೇಳಿದ್ದಿಲ್ರೀ ಅಕ್ಕಾ," ಎಂದಳು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತ.